ಇಲ್ಲದ ಗಾಯಕರ ಇರುವ ಹಾಡುಗಳು

1996ರ ಏಪ್ರಿಲ್ 5ರಂದು ಬ್ರಿಟನ್ನಿನ ಚಾನೆಲ್ 4ರಲ್ಲಿ 'ಫಾದರ್ ಟೆಡ್' ಹಾಸ್ಯ ಧಾರಾವಾಹಿಯ ಒಂದು ಕಂತು ಪ್ರಸಾರವಾಯಿತು. ಐರ್ಲೆಂಡಿನ ಕರಾವಳಿಯಾಚೆ ಇದೆಯೆನ್ನಲಾದ ಕಲ್ಪಿತ ದ್ವೀಪವೊಂದರ ಇಬ್ಬರು ಪಾದ್ರಿಗಳು, ಟೆಡ್ ಮತ್ತು ಡೂಗಲ್, ಯೂರೋಪಿನ ಹಾಡಿನ ಸ್ಪರ್ಧೆಗೆ ತಮ್ಮ ದೇಶದ ಪರವಾಗಿ ಹೋಗಬೇಕೆಂದು ಹಾಡು ಕಟ್ಟಲು ಕೂರುತ್ತಾರೆ. ಹಾಡು ಒಂದು ಕುದುರೆಯ ಮೇಲೆ; ಹೆಸರು 'ಮೈ ಲವ್ಲಿ ಹಾರ್ಸ್'. ಇಬ್ಬರಿಗೂ ಸಂಗೀತದ ಗಂಧವಿಲ್ಲ. ಡೂಗಲ್‌ಗೆ ನೆನಪಾಗುವ ಒಂದು ಒಳ್ಳೆಯ ರಾಗ ಹಿಂದೆಂದೋ ಸೋತುಹೋದ ನಾರ್ವೆಯ ಹಾಡೊಂದರ ಧ್ವನಿಮುದ್ರಿಕೆಯ ಹಿಂಬದಿಯದು. ಯಾರಿಗೂ ಗೊತ್ತಾಗುವುದಿಲ್ಲವೆಂಬ ಧೈರ್ಯದಿಂದ ಅದನ್ನೇ ಎತ್ತಿಕೊಳ್ಳುತ್ತಾರೆ. ಸ್ಪರ್ಧೆಯ ದಿನ ಲಿಫ್ಟಿನಲ್ಲಿ ಅದೇ ರಾಗ ಹಿನ್ನೆಲೆ ಸಂಗೀತವಾಗಿ ತೇಲಿಬರುತ್ತದೆ. ಬೇರೆ ದಾರಿಯಿಲ್ಲದೆ ತಮ್ಮ ಮೊದಲ ಬೇಸುರು ಹಾಡನ್ನೇ ವೇದಿಕೆಯ ಮೇಲೆ ಹಾಡುತ್ತಾರೆ. ಆಯ್ಕೆಯಾಗುವುದು ಅವರದೇ ಹಾಡು. ಗೆದ್ದರೆ ಮುಂದಿನ ವರ್ಷ ಸ್ಪರ್ಧೆಯನ್ನು ನಡೆಸುವ ಖರ್ಚು ದೇಶದ ತಲೆಗೆ ಬೀಳುತ್ತದೆ ಎಂದು ಹೆದರಿದ ನಿರ್ಮಾಪಕನಿಗೆ ಸೋಲುವ ಹಾಡು ಬೇಕಾಗಿರುತ್ತದೆ. ಮುಖ್ಯ ಸ್ಪರ್ಧೆಯಲ್ಲಿ ಸುತ್ತಿನ ಮೇಲೆ ಸುತ್ತು ಅವರಿಗೆ ಸೊನ್ನೆ ಅಂಕ ಬರುತ್ತದೆ.

ಆ ಭಯಕ್ಕೆ ಹಿನ್ನೆಲೆ ಇತ್ತು. ಯೂರೋವಿಷನ್ ಹಾಡಿನ ಸ್ಪರ್ಧೆಯನ್ನು ಐರ್ಲೆಂಡ್ 1992, 1993, 1994ರಲ್ಲಿ ಸಾಲಾಗಿ ಮೂರು ಸಲ ಗೆದ್ದಿತ್ತು. ಗೆದ್ದ ದೇಶವೇ ಮರುವರ್ಷದ ಆತಿಥೇಯ ಎಂಬುದು ವಾಡಿಕೆ. 1993ರಲ್ಲಿ ಕಾರ್ಕ್ ಪ್ರಾಂತ್ಯದ ಮಿಲ್‌ಸ್ಟ್ರೀಟ್ ಎಂಬ ಪುಟ್ಟ ಊರಿನ ಕುದುರೆ ಸವಾರಿಯ ಒಳಾಂಗಣದಲ್ಲಿ, ನಂತರದ ಎರಡು ವರ್ಷ ಡಬ್ಲಿನ್ನಿನಲ್ಲಿ ಸ್ಪರ್ಧೆ ನಡೆಯಿತು. ಸಣ್ಣ ದೇಶದ ಸಾರ್ವಜನಿಕ ವಾಹಿನಿಯಾದ ಆರ್‌ಟಿಇಗೆ ಇದು ಹೊರಲಾಗದ ಹೊರೆ, ಇನ್ನೊಮ್ಮೆ ಗೆಲ್ಲದಿದ್ದರೆ ಸಾಕು ಎಂದು ಜನ ಆಡಿಕೊಳ್ಳುತ್ತಿದ್ದರು. ಗ್ರಹಾಂ ಲಿನೆಹನ್ ಮತ್ತು ಆರ್ಥರ್ ಮ್ಯಾಥ್ಯೂಸ್ ಈ ಮಾತನ್ನೇ ಹಿಡಿದು ಕಂತು ಬರೆದರು. ಅದು ಪ್ರಸಾರವಾಗಿ ಆರು ವಾರ ಕಳೆದ ಮೇಲೆ, ಮೇ 18ರಂದು ಓಸ್ಲೋದಲ್ಲಿ ಈಮರ್ ಕ್ವಿನ್ ಹಾಡಿದ ಹಾಡಿನಿಂದ ಐರ್ಲೆಂಡ್ ಮತ್ತೆ ಗೆದ್ದಿತು.

ಯೂರೋವಿಷನ್ನಿಗೆಂದು ಹುಟ್ಟಿದ ಕಲ್ಪಿತ ಗಾಯಕರ ಸಾಲು ಉದ್ದವಾಗಿದೆ. ಕೆಲವರು ಧಾರಾವಾಹಿ, ಸಿನಿಮಾ, ಪುಸ್ತಕಗಳ ಒಳಗೇ ಉಳಿದರು. ಕೆಲವರು ಕತೆಯಿಂದ ಎದ್ದುಬಂದು ನಿಜವಾದ ವೇದಿಕೆ ಹತ್ತಿ ನಿಜವಾದ ಅಂಕ ಪಡೆದರು. ಇವರಲ್ಲಿ ಹೆಚ್ಚಿನವರನ್ನು ಜನ ಮರೆತಿದ್ದಾರೆ. ಬೆರಳೆಣಿಕೆಯ ಕೆಲವರ ಹಾಡು ಇಂದಿಗೂ ಬಾಯಲ್ಲಿದೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಅಣಕಿಸುವವನಿಗೆ ಆ ಸ್ಪರ್ಧೆಯ ಮೇಲೆ ಪ್ರೀತಿ ಇದ್ದಾಗ, ಹಾಡು ಹಾಡಾಗಿಯೇ ನಿಲ್ಲುವಷ್ಟು ಗಟ್ಟಿಯಾಗಿದ್ದಾಗ, ಪಾತ್ರ ತನ್ನನ್ನು ತಾನು ಪೂರ್ತಿ ನಂಬಿದ್ದಾಗ ಮಾತ್ರ ಇಂಥ ಗಾಯಕ ಉಳಿಯುತ್ತಾನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಯಕ್ಷಗಾನದ ಹಾಸ್ಯಗಾರ ಹೆಜ್ಜೆ ತಪ್ಪಿದಂತೆ ಕಾಣಿಸಬೇಕಾದರೆ ತಾಳ ಅವನ ಕಾಲಲ್ಲಿ ಭದ್ರವಾಗಿ ಕೂತಿರಬೇಕು.

ಸ್ಪರ್ಧೆಯ ಕಟ್ಟಳೆಗಳನ್ನು ತಿಳಿಯದೆ ಈ ನಗೆ ಅರ್ಥವಾಗುವುದಿಲ್ಲ. 1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋದಲ್ಲಿ ಏಳು ದೇಶಗಳಿಂದ ಇದು ಶುರುವಾಯಿತು. ಹಾಡು ಮೂರು ನಿಮಿಷ ಮೀರುವಂತಿಲ್ಲ. ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ಇರುವಂತಿಲ್ಲ. ತನ್ನ ದೇಶಕ್ಕೆ ತಾನೇ ಮತ ಹಾಕುವಂತಿಲ್ಲ. ಅತ್ಯುತ್ತಮವೆನಿಸಿದ ಹಾಡಿಗೆ ಹನ್ನೆರಡು ಅಂಕ ಕೊಡುವ ಪದ್ಧತಿ ಬಂದದ್ದು 1975ರಲ್ಲಿ. ಭಾಷೆಯ ವಿಚಾರ ಮಾತ್ರ ಹಲವು ಸಲ ಬದಲಾಯಿತು. 1965ರಲ್ಲಿ ನೇಪಲ್ಸ್‌ನಲ್ಲಿ ಸ್ವೀಡನ್ನಿನ ಗಾಯಕ ಇಂಗ್ಲಿಷಿನಲ್ಲಿ ಹಾಡಿದ. ಮರುವರ್ಷದಿಂದ ಪ್ರತಿ ದೇಶವೂ ತನ್ನದೇ ಭಾಷೆಯಲ್ಲಿ ಹಾಡಬೇಕೆಂಬ ನಿಯಮ ಬಂತು. ನಡುವೆ 1973ರಿಂದ 1976ರವರೆಗೆ ಸಡಿಲಗೊಂಡು, ಮತ್ತೆ ಬಿಗಿಯಾಗಿ, ಕೊನೆಗೆ 1999ರಲ್ಲಿ ಅದು ಹೋಯಿತು.

ಪಕ್ಕದ ದೇಶದವನಿಗೆ ನಿಮ್ಮ ಭಾಷೆ ಬಾರದು, ಆದರೆ ಅವನ ಮತ ನಿಮಗೆ ಬೇಕು. ಈ ಇಕ್ಕಟ್ಟಿಗೆ ಹಾಡು ಬರೆಯುವವರು ಕಂಡುಕೊಂಡ ಉಪಾಯ ಅರ್ಥವಿಲ್ಲದ ಸದ್ದು. 1968ರಲ್ಲಿ ಸ್ಪೇನ್ 'ಲಾ ಲಾ ಲಾ' ಎಂಬ ಹಾಡಿನಿಂದ ಗೆದ್ದಿತು. 1969ರಲ್ಲಿ ನಾಲ್ಕು ದೇಶಗಳು ಸಮನಾಗಿ ಗೆದ್ದವು. ಅವುಗಳಲ್ಲಿ ಒಂದಾದ ಬ್ರಿಟನ್ನಿನ ಪರವಾಗಿ ಲುಲು ಹಾಡಿದ್ದು 'ಬೂಮ್ ಬ್ಯಾಂಗ್ ಎ ಬ್ಯಾಂಗ್'. 1975ರಲ್ಲಿ ನೆದರ್ಲೆಂಡ್ಸ್ 'ಡಿಂಗ್ ಎ ಡಾಂಗ್'. ಈ ಸಾಲಿನ ನಡುವೆ, 1970ರಲ್ಲಿ, ಮಾಂಟಿ ಪೈಥಾನ್ ತಂಡ ಬಿಬಿಸಿಯಲ್ಲಿ ಯೂರೋಪಿನ ಪೊಲೀಸರ ಹಾಡಿನ ಸ್ಪರ್ಧೆಯೊಂದನ್ನು ನಡೆಸಿತು. ಅದರಲ್ಲಿ ಗೆಲ್ಲುವವನು ಮೊನಾಕೋದ ಪೊಲೀಸ್ ಇನ್‌ಸ್ಪೆಕ್ಟರ್ ಜಾಟಪಾಥಿಕ್. ಪಾತ್ರಧಾರಿ ಗ್ರಹಾಂ ಚಾಪ್ಮನ್. ಅವನ ಹಾಡು 'ಬಿಂಗ್ ಟಿಡಲ್ ಟಿಡಲ್ ಬಾಂಗ್' ಪಲ್ಲವಿಯಿಂದ ಕೊನೆಯವರೆಗೆ ಬರೀ ಇಂಥ ಸದ್ದೇ. ನನಗೆ ತಿಳಿದಂತೆ ಯೂರೋವಿಷನ್ನಿನ ಕಲ್ಪಿತ ಸ್ಪರ್ಧಿಗಳಲ್ಲಿ ಹೆಸರುಳಿದ ಮೊದಲಿಗರಲ್ಲಿ ಇವನೊಬ್ಬ. ಈ ಅಣಕು ಚುರುಕಾಗಿದೆ, ಗುರಿ ತಪ್ಪಿಲ್ಲ. ಆದರೂ ಹಾಡು ನೆನಪಿಗೆ ಬಂದಾಗ ಗುನುಗಬೇಕೆನಿಸುವುದಿಲ್ಲ. ತಂಡಕ್ಕೆ ಸ್ಪರ್ಧೆಯ ದೌರ್ಬಲ್ಯ ಕಂಡಿತ್ತು, ಅದರ ಸೆಳೆತ ಕಂಡಿರಲಿಲ್ಲ.

ಫಾದರ್ ಟೆಡ್ ಇಲ್ಲಿಂದ ಬಹಳ ಮುಂದೆ ಹೋಗುತ್ತದೆ. ಅದರ ಹಾಡಿಗೆ ರಾಗ ಹಾಕಿದವರು 'ದಿ ಡಿವೈನ್ ಕಾಮಿಡಿ' ತಂಡದ ನೀಲ್ ಹ್ಯಾನನ್. ಧಾರಾವಾಹಿಯ ಶೀರ್ಷಿಕೆ ಸಂಗೀತವೂ ಅವರದೇ. ಒಂದೇ ಕಂತಿನಲ್ಲಿ ಅವರು ಒಂದೇ ಹಾಡನ್ನು ಎರಡು ಬಾರಿ ಕಟ್ಟಬೇಕಾಯಿತು: ಕೇಳಲಾಗದಷ್ಟು ಕೆಟ್ಟದಾಗಿ ಒಮ್ಮೆ, ಗೆಲ್ಲಬಹುದಾದಷ್ಟು ಚೆನ್ನಾಗಿ ಇನ್ನೊಮ್ಮೆ. ಎರಡನೆಯದನ್ನು ಟೆಡ್ ಮತ್ತು ಡೂಗಲ್ ಕುದುರೆಯೊಂದಿಗೆ ಓಡಾಡುವ ಕನಸಿನ ವಿಡಿಯೋ ರೂಪದಲ್ಲಿ ತೋರಿಸುತ್ತಾರೆ. ಆ ರಾಗ ನಿಜಕ್ಕೂ ಸುಂದರವಾಗಿರುವುದರಿಂದಲೇ ಅವರು ಅದನ್ನು ಕಳೆದುಕೊಂಡಾಗ ನಮಗೆ ಕಸಿವಿಸಿಯಾಗುತ್ತದೆ. ಟೆಡ್ ಪಾತ್ರದ ಡರ್ಮಟ್ ಮಾರ್ಗನ್ ವೇದಿಕೆಯ ಮೇಲೆ ನಿಂತಾಗ ಅವರ ಮುಖದಲ್ಲಿ ಅಣಕದ ಸುಳಿವೇ ಇಲ್ಲ. ಒಮ್ಮೆಯಾದರೂ ದೊಡ್ಡವನಾಗಬೇಕೆಂಬ ಒಬ್ಬ ಸಾಮಾನ್ಯನ ಹಂಬಲವಷ್ಟೇ ಅಲ್ಲಿದೆ. ಮಾರ್ಗನ್ 1998ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಡು ಉಳಿಯಿತು, ಯೂರೋವಿಷನ್ ಅಭಿಮಾನಿಗಳು ಅದನ್ನು ಐರ್ಲೆಂಡಿನ ನಿಜವಾದ ಹಾಡುಗಳ ಪಕ್ಕದಲ್ಲೇ ಇಟ್ಟು ನೆನೆಯುತ್ತಾರೆ.

ಇದಕ್ಕೂ ಮುಂಚೆ, 1980ರಲ್ಲೇ, ಬೆಲ್ಜಿಯಂನ ಟೆಲೆಕ್ಸ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ತಂಡ ನಿಜವಾದ ವೇದಿಕೆಯಲ್ಲೇ ಸ್ಪರ್ಧೆಯನ್ನು ಅಣಕಿಸಿತ್ತು. ಹೇಗ್ ನಗರದಲ್ಲಿ 'ಯೂರೋ-ವಿಷನ್' ಎಂಬ ಹೆಸರಿನ ಹಾಡನ್ನೇ ಹಾಡಿ, ಮುಗಿಸಿದ ಮೇಲೆ ಗಾಯಕ ಸಭಿಕರ ಫೋಟೋ ತೆಗೆದ. ತಂಡಕ್ಕೆ ಕೊನೆಯ ಸ್ಥಾನವೇ ಬೇಕಿತ್ತು. ಪೋರ್ಚುಗಲ್ ಹತ್ತು ಅಂಕ ಕೊಟ್ಟು ಆ ಆಸೆಯನ್ನು ಕೆಡಿಸಿತು. ಹತ್ತೊಂಬತ್ತರಲ್ಲಿ ಹದಿನೇಳನೆಯ ಸ್ಥಾನ ಸಿಕ್ಕಿತು.

ಪಾತ್ರಗಳು ಗುಂಪಾಗಿ ವೇದಿಕೆಗೆ ನುಗ್ಗಿದ್ದು ಮಾತ್ರ 1998ರಿಂದ. ಕಾರಣ ದೂರವಾಣಿ. 1997ರಲ್ಲಿ ಐದು ದೇಶಗಳು ತೀರ್ಪುಗಾರರ ಬದಲು ಪ್ರೇಕ್ಷಕರ ಫೋನ್ ಮತವನ್ನು ಪ್ರಯೋಗ ಮಾಡಿ ನೋಡಿದವು; ಮರುವರ್ಷ ಬಹುಪಾಲು ದೇಶಗಳು ಅದಕ್ಕೇ ಬದಲಾದವು. ಸಂಗೀತ ಬಲ್ಲ ತೀರ್ಪುಗಾರರ ಮುಂದೆ ನಗೆಗೆ ಬೆಲೆಯಿರಲಿಲ್ಲ. ಮನೆಯಲ್ಲಿ ಕೂತು ಇಪ್ಪತ್ತು ಚಿಲ್ಲರೆ ಹಾಡು ಕೇಳಿದವನ ನೆನಪಿನಲ್ಲಿ ಉಳಿಯುವುದು ನಗಿಸಿದವನ ಹಾಡು. 1998ರಲ್ಲಿ ಜರ್ಮನಿ ಗಿಲ್ಡೋ ಹಾರ್ನ್‌ನನ್ನು ಕಳಿಸಿತು. ಬೋಳು ನೆತ್ತಿ, ಇಳಿಬಿದ್ದ ಕೂದಲು, ಎಲ್ಲರನ್ನೂ ಪ್ರೀತಿಸುತ್ತೇನೆ ಎಂಬ ಹಾಡು. ಬರ್ಮಿಂಗ್‌ಹ್ಯಾಮ್‌ನಲ್ಲಿ ಏಳನೆಯ ಸ್ಥಾನ. ಹಾಡು ಬರೆದವರು ಟಿವಿ ಹಾಸ್ಯಗಾರ ಸ್ಟೆಫಾನ್ ರಾಬ್. ಜರ್ಮನಿಯ ಯೂರೋವಿಷನ್ ಹಾಡುಗಳನ್ನು ವರ್ಷಗಟ್ಟಲೆ ಬರೆಯುತ್ತಿದ್ದ ರಾಲ್ಫ್ ಸೀಗಲ್ ಅವರ ಹೆಸರನ್ನೇ ಕತ್ತರಿಸಿ ರಾಬ್ ತಮಗೊಂದು ಕಾವ್ಯನಾಮ ಮಾಡಿಕೊಂಡಿದ್ದರು. 2000ದಲ್ಲಿ ರಾಬ್ ತಾವೇ ವೇದಿಕೆ ಹತ್ತಿ ಐದನೆಯವರಾದರು. 2003ರಲ್ಲಿ ಆಸ್ಟ್ರಿಯಾದ ಆಲ್ಫ್ ಪೋಯರ್ ಆರನೆಯ ಸ್ಥಾನ ಪಡೆದರು. ಅದೇ ರಾತ್ರಿ ಗಂಭೀರವಾಗಿ ಹಾಡಿದ ಬ್ರಿಟನ್ನಿನ ಜೋಡಿಗೆ ಒಂದು ಅಂಕವೂ ಬರಲಿಲ್ಲ.

ರಾಬ್ ಅವರ ಕತೆ ಇಲ್ಲಿಗೆ ಮುಗಿಯುವುದಿಲ್ಲ. ಅಣಕದಿಂದ ಶುರುಮಾಡಿದ ಅದೇ ಮನುಷ್ಯ ಹೊಸ ಪ್ರತಿಭೆಗಳನ್ನು ಹುಡುಕುವ ಕಾರ್ಯಕ್ರಮ ನಡೆಸಿ 2010ರಲ್ಲಿ ಲೆನಾ ಎಂಬ ಹುಡುಗಿಯನ್ನು ಓಸ್ಲೋಗೆ ಕಳಿಸಿ ಜರ್ಮನಿಗೆ ಗೆಲುವು ತಂದುಕೊಟ್ಟರು. ಯೂರೋವಿಷನ್ನನ್ನು ಚೆನ್ನಾಗಿ ಅಣಕಿಸಿದವರಲ್ಲಿ ಅದನ್ನು ಒಳಗಿಂದ ಬಲ್ಲವರೇ ಹೆಚ್ಚು ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಕಂಡಿಲ್ಲ.

ಹೊರಗೆ ನಿಂತು ನಕ್ಕರೆ ಏನಾಗುತ್ತದೆ ಎಂಬುದಕ್ಕೂ ಒಂದು ದೊಡ್ಡ ಉದಾಹರಣೆ ಇದೆ. ಆಸ್ಟ್ರೇಲಿಯಾದ ಸ್ಯಾಂಟೋ ಚಿಲಾರೊ, ಟಾಮ್ ಗ್ಲೈಸ್ನರ್, ರಾಬ್ ಸಿಚ್ ಎಂಬ ಮೂವರು ಹಾಸ್ಯ ಬರಹಗಾರರು 2003ರಲ್ಲಿ 'ಮೊಲ್ವಾನಿಯಾ' ಎಂಬ ಪುಸ್ತಕ ತಂದರು. ಪೂರ್ವ ಯೂರೋಪಿನ ಇಲ್ಲದ ದೇಶವೊಂದರ ಪ್ರವಾಸ ಕೈಪಿಡಿ ಅದು. ಮರುವರ್ಷ ಅದರ ಬೆನ್ನಿಗೆ ಬಂದವನು ಮೊಲ್ವಾನಿಯಾದ ಯೂರೋವಿಷನ್ ಗಾಯಕ ಝ್ಲಾಡ್ಕೊ ವ್ಲಾಡ್ಚಿಕ್. ಪಾತ್ರಧಾರಿ ಸ್ವತಃ ಚಿಲಾರೊ. ದಪ್ಪ ಮೀಸೆ, ಬಾಹ್ಯಾಕಾಶ ನೌಕೆ, ಮುರುಕು ಇಂಗ್ಲಿಷ್, ಅಗ್ಗದ ಸಿಂಥಸೈಜರ್. ಯೂಟ್ಯೂಬ್ ಇನ್ನೂ ಹುಟ್ಟಿರದ ಕಾಲದಲ್ಲಿ 'ಎಲೆಕ್ಟ್ರಾನಿಕ್ ಸೂಪರ್‌ಸಾನಿಕ್' ವಿಡಿಯೋ ಕೈಯಿಂದ ಕೈಗೆ ದಾಟಿ ಲೋಕವನ್ನೆಲ್ಲ ಸುತ್ತಿತು. ಹಾಡಾಗಿ ಅದು ಜಾಣ ರಚನೆ. ಎಂಬತ್ತರ ದಶಕದ ಸಿಂಥ್ ಪಾಪ್‌ನ ಪ್ರತಿಯೊಂದು ತಂತ್ರವೂ ಅದರಲ್ಲಿ ಸರಿಯಾದ ಜಾಗದಲ್ಲಿದೆ.

ಆದರೆ ಆ ಕಾಲವನ್ನು ನೋಡಿ. 1994ರಲ್ಲಿ ಒಮ್ಮೆಗೇ ಏಳು ಪೂರ್ವ ಯೂರೋಪಿನ ದೇಶಗಳು ಸ್ಪರ್ಧೆಗೆ ಬಂದಿದ್ದವು. 2001ರಲ್ಲಿ ಎಸ್ಟೋನಿಯಾ, 2002ರಲ್ಲಿ ಲಾಟ್ವಿಯಾ, 2004ರಲ್ಲಿ ಉಕ್ರೇನ್ ಗೆದ್ದವು. ಬಿಬಿಸಿಯಲ್ಲಿ ವರ್ಷಗಟ್ಟಲೆ ವೀಕ್ಷಕ ವಿವರಣೆ ಕೊಡುತ್ತಿದ್ದ ಟೆರಿ ವೋಗನ್ ಪೂರ್ವದ ದೇಶಗಳು ನೆರೆಹೊರೆಗೇ ಮತ ಹಾಕುತ್ತವೆ ಎಂದು ಬೇಸರಪಡುತ್ತಿದ್ದರು; 2008ರ ನಂತರ ಆ ಕೆಲಸವನ್ನೇ ಬಿಟ್ಟರು. ಗೆಲ್ಲತೊಡಗಿದ ಬಡ ನೆಂಟನನ್ನು ನೋಡಿ ಸಿರಿವಂತ ಮನೆಯವರು ನಗುತ್ತಿದ್ದ ಹೊತ್ತದು. ಝ್ಲಾಡ್ಕೊನ ಹಾಸ್ಯದ ಅರ್ಧ ಭಾಗ ಸ್ಪರ್ಧೆಯ ಮೇಲೆ, ಇನ್ನರ್ಧ ಹಲ್ಲು ಹುಳುಕಾದ, ಹಿಂದುಳಿದ, ಹೆಸರು ಉಚ್ಚರಿಸಲಾಗದ ಜನರ ಮೇಲೆ. ಮೊದಲರ್ಧವನ್ನು ನಾನು ಇಂದಿಗೂ ಇಷ್ಟಪಡುತ್ತೇನೆ. ಎರಡನೆಯದು ಸಹಿಸಲಾಗುವುದಿಲ್ಲ. ಇಂಗ್ಲಿಷನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಆಡುವ ನಮ್ಮಂಥವರಿಗೆ ಆ ನಗೆಯ ಮೊನೆ ಎಲ್ಲಿ ತಾಗುತ್ತದೆಂದು ವಿವರಿಸಬೇಕಿಲ್ಲ.

ಇದಕ್ಕೆ ಉತ್ತರ ಉಕ್ರೇನಿನಿಂದಲೇ ಬಂತು. ಪೋಲ್ಟಾವಾ ಊರಿನ ನಟ ಆಂದ್ರಿ ಡಾನಿಲ್ಕೊ ತೊಂಬತ್ತರ ದಶಕದಿಂದಲೇ ವೆರ್ಕಾ ಸೆರ್ದುಚ್ಕಾ ಎಂಬ ಹೆಣ್ಣಿನ ವೇಷ ಕಟ್ಟುತ್ತಿದ್ದರು. ವೆರ್ಕಾ ರೈಲಿನ ಸ್ಲೀಪರ್ ಬೋಗಿಯಲ್ಲಿ ಕೆಲಸ ಮಾಡುವ ಹೆಂಗಸು. ದಪ್ಪ ಮೈ, ಗಟ್ಟಿ ಬಾಯಿ, ಎಂದಿಗೂ ಬತ್ತದ ಆತ್ಮವಿಶ್ವಾಸ. ಆಡುವುದು ಉಕ್ರೇನಿಯನ್ ಮತ್ತು ರಷ್ಯನ್ ಬೆರೆತ ಬೀದಿ ಮಾತು. ಜೊತೆಗೆ ಯಾವಾಗಲೂ ಒಂದು ಮಾತೂ ಆಡದ ತಾಯಿ. 2007ರಲ್ಲಿ ದೇಶದ ಪರವಾಗಿ ವೆರ್ಕಾ ಹೆಲ್ಸಿಂಕಿಗೆ ಹೋಗುತ್ತಾಳೆಂದಾಗ ಉಕ್ರೇನಿನಲ್ಲೇ ಹಲವರು ಸಿಟ್ಟಾದರು: ಲೋಕದ ಮುಂದೆ ನಮ್ಮ ಮುಖ ಇದೇನಾ? ಬೆಳ್ಳಿ ಬಣ್ಣದ ಉಡುಪು, ತಲೆಯ ಮೇಲೆ ಬೆಳ್ಳಿಯ ನಕ್ಷತ್ರ ಧರಿಸಿ ವೆರ್ಕಾ ಹಾಡಿದ 'ಡಾನ್ಸಿಂಗ್ ಲಾಶಾ ತುಂಬಾಯ್' ಜರ್ಮನ್, ಇಂಗ್ಲಿಷ್, ಉಕ್ರೇನಿಯನ್, ರಷ್ಯನ್ ಎಲ್ಲವನ್ನೂ ಕಲಸಿದ ಕುಣಿತದ ಹಾಡು. 235 ಅಂಕಗಳೊಂದಿಗೆ ಎರಡನೆಯ ಸ್ಥಾನ. ಗೆದ್ದ ಸೆರ್ಬಿಯಾಗೆ 268. ಹಾಡಿನ ಹೆಸರಿನಲ್ಲಿರುವ ಎರಡು ಪದಗಳು ಮಂಗೋಲಿಯನ್ ಎಂದು ಡಾನಿಲ್ಕೊ ಹೇಳಿದರು. ರಷ್ಯಾದ ಕೇಳುಗರ ಕಿವಿಗೆ ಅದು ರಷ್ಯಾಕ್ಕೆ ಹೇಳಿದ ವಿದಾಯದಂತೆ ಕೇಳಿಸಿ ಅಲ್ಲಿ ಅವರ ದಾರಿ ಕಿರಿದಾಯಿತು. 2022ರ ಆಕ್ರಮಣದ ನಂತರ ಡಾನಿಲ್ಕೊ ಆ ವಿದಾಯವನ್ನು ಬಾಯಿಬಿಟ್ಟೇ ಹಾಡತೊಡಗಿದರು. 2023ರಲ್ಲಿ ಉಕ್ರೇನಿನ ಬದಲಿಗೆ ಬ್ರಿಟನ್ ಲಿವರ್‌ಪೂಲಿನಲ್ಲಿ ಸ್ಪರ್ಧೆ ನಡೆಸಿದಾಗ ಅಂತಿಮ ಸುತ್ತಿನ ಆರಂಭದಲ್ಲಿ ವೆರ್ಕಾ ಮತ್ತೆ ವೇದಿಕೆಯಲ್ಲಿದ್ದಳು.

ವೆರ್ಕಾಳಲ್ಲಿರುವುದು ಝ್ಲಾಡ್ಕೊನಲ್ಲಿದ್ದ ಸಾಮಗ್ರಿಯೇ: ಅತಿಯಾದ ಉಡುಪು, ಮುರಿದ ಭಾಷೆ, ಪೂರ್ವ ಯೂರೋಪಿನ ಒರಟುತನ. ಆದರೆ ಡಾನಿಲ್ಕೊ ತಾವು ಕಂಡು ಬೆಳೆದ ಹೆಂಗಸರನ್ನು ಆಡುತ್ತಿದ್ದಾರೆ. ರೈಲಿನಲ್ಲಿ ಚಹಾ ಕೊಡುವ ಹೆಂಗಸಿಗೆ ಅವರು ಇಡೀ ಯೂರೋಪಿನ ವೇದಿಕೆಯನ್ನು ಒಪ್ಪಿಸಿದರು. ಕಲ್ಪಿತ ಸ್ಪರ್ಧಿಗಳಲ್ಲಿ ಶ್ರೇಷ್ಠ ಯಾರೆಂದು ನನ್ನನ್ನು ಕೇಳಿದರೆ ಒಂದು ಕ್ಷಣವೂ ಯೋಚಿಸದೆ ವೆರ್ಕಾ ಎನ್ನುತ್ತೇನೆ.

ಎಲ್ಲ ವೇಷಗಳೂ ಹೀಗೆ ಗೆಲ್ಲಲಿಲ್ಲ. 2006ರಲ್ಲಿ ಐಸ್‌ಲ್ಯಾಂಡ್ ಅಥೆನ್ಸಿಗೆ ಸಿಲ್ವಿಯಾ ನೈಟ್‌ಳನ್ನು ಕಳಿಸಿತು. ನಟಿ ಆಗುಸ್ಟಾ ಈವಾ ಎರ್ಲೆಂಡ್ಸ್‌ಡೊಟ್ಟಿರ್ ಟಿವಿಗಾಗಿ ಕಟ್ಟಿದ್ದ ಈ ಅಹಂಕಾರಿ ತಾರೆಯ ಪಾತ್ರ ಸ್ವದೇಶದಲ್ಲಿ ಎಲ್ಲರಿಗೂ ಗೊತ್ತಿತ್ತು. ಅಥೆನ್ಸಿನಲ್ಲಿ ಆಕೆ ಒಂದು ಗಳಿಗೆಯೂ ವೇಷ ಕಳಚಲಿಲ್ಲ. ಅಭ್ಯಾಸದಲ್ಲಿ ಬೈದಳು, ಪತ್ರಕರ್ತರ ಮುಂದೆ ಹಾರಾಡಿದಳು. ಅಲ್ಲಿನ ಸಭಿಕರು ಪಾತ್ರವನ್ನೇ ವ್ಯಕ್ತಿಯೆಂದು ನಂಬಿ ಕೂಗಿ ಹಂಗಿಸಿದರು. ಸೆಮಿಫೈನಲ್ ದಾಟಲಾಗಲಿಲ್ಲ. ಅಭಿನಯದ ದೃಷ್ಟಿಯಿಂದ ಅದು ಅಸಾಧಾರಣ ಸಾಹಸ, ನಾನು ಅದನ್ನು ಸೋಲೆನ್ನಲಾರೆ. ಆದರೆ ಮೂರು ನಿಮಿಷದಲ್ಲಿ ಅಪರಿಚಿತನಿಗೆ ತಾನು ಯಾರೆಂದು ಹೇಳಿಕೊಳ್ಳಲು ಆ ಹಾಡಿಗೆ ಆಗಲಿಲ್ಲ.

2008ರಲ್ಲಿ ಇಬ್ಬರು ಬಂದರು. ಸ್ಪೇನಿನ ರೊಡೊಲ್ಫೊ ಚಿಕಿಲಿಕ್ವಾತ್ರೆ, ತಡರಾತ್ರಿಯ ಹಾಸ್ಯ ಕಾರ್ಯಕ್ರಮಕ್ಕೆ ಡೇವಿಡ್ ಫೆರ್ನಾಂಡಿಸ್ ಕಟ್ಟಿದ ಪಾತ್ರ, ಆಟಿಕೆ ಗಿಟಾರ್ ಹಿಡಿದು ಹದಿನಾರನೆಯವನಾದ. ಐರ್ಲೆಂಡ್ ಕಳಿಸಿದ್ದು ಡಸ್ಟಿನ್ ಎಂಬ ಟರ್ಕಿ ಕೋಳಿಯ ಬೊಂಬೆಯನ್ನು. ಮಕ್ಕಳ ಕಾರ್ಯಕ್ರಮದಿಂದ ಹೆಸರಾದ ಬೊಂಬೆ ಅದು. ಬೆಲ್‌ಗ್ರೇಡಿನ ಸೆಮಿಫೈನಲ್ಲಿನಲ್ಲೇ ಸೋತಿತು. ಏಳು ಸಲ ಗೆದ್ದ ದೇಶ ಹಿಂದಿನ ವರ್ಷ ಕಡೆಯ ಸ್ಥಾನಕ್ಕೆ ಬಿದ್ದಿದ್ದ ಕಹಿ ಆ ಹಾಡಿನಲ್ಲಿತ್ತು. ಹಾಡು ಅಂಕಗಳನ್ನು ಬೇಡುವ ನೆಪದಲ್ಲಿ ಸ್ಪರ್ಧೆಯನ್ನು ಮೂದಲಿಸಿತು. ಟೆಡ್ ಹಾಡಿದ ಕುದುರೆಯ ಹಾಡಿನ ಪಕ್ಕದಲ್ಲಿ ಇದನ್ನಿಟ್ಟರೆ ಮುನಿಸಿನಿಂದ ಹುಟ್ಟಿದ್ದು ಯಾವುದು, ಮಮತೆಯಿಂದ ಹುಟ್ಟಿದ್ದು ಯಾವುದೆಂದು ತಕ್ಷಣ ತಿಳಿಯುತ್ತದೆ. 2009ರಲ್ಲಿ ಅಂತಿಮ ಸುತ್ತಿನ ಅರ್ಧ ಅಂಕಗಳು ಮತ್ತೆ ತೀರ್ಪುಗಾರರ ಕೈಗೆ ಹೋದವು, ವೇಷಗಳ ಭರಾಟೆ ಇಳಿಯಿತು.

ನಂತರದ ವರ್ಷಗಳಲ್ಲಿ ಸ್ಪರ್ಧೆ ಅಣಕವನ್ನು ತಾನೇ ಕೈಗೆತ್ತಿಕೊಂಡಿತು. 2016ರಲ್ಲಿ ಸ್ಟಾಕ್‌ಹೋಮಿನ ನಿರೂಪಕರಾದ ಪೆಟ್ರಾ ಮೇಡ ಮತ್ತು ಮೋನ್ಸ್ ಸೆಲ್ಮರ್ಲೋವ್ ಮತ ಎಣಿಕೆಯ ಬಿಡುವಿನಲ್ಲಿ 'ಲವ್ ಲವ್ ಪೀಸ್ ಪೀಸ್' ಎಂಬ ಹಾಡು ಹಾಡಿದರು. ಗೆಲ್ಲುವ ಹಾಡನ್ನು ಮಾಡುವ ವಿಧಾನವನ್ನು ಹೇಳಿಕೊಡುವ ಹಾಡದು. 2012ರಲ್ಲಿ ವೇದಿಕೆಯ ಮೇಲೆ ರೊಟ್ಟಿ ಸುಟ್ಟ ರಷ್ಯಾದ ಅಜ್ಜಿಯರು, 2014ರ ಉಕ್ರೇನಿನ ಚಕ್ರದೊಳಗೆ ಓಡುವ ಮನುಷ್ಯ, ಹೊತ್ತಿ ಉರಿಯುವ ಪಿಯಾನೋ ಎಲ್ಲವೂ ಅದರಲ್ಲಿ ಬಂದುಹೋಗುತ್ತವೆ. ಒಂದೊಂದು ಚೇಷ್ಟೆಯ ಹಿಂದೆಯೂ ನಿಜವಾದ ಹಾಡಿನ ನೆನಪಿದೆ, ಅಲೆಕ್ಸಾಂಡರ್ ರೈಬಾಕ್ ಮತ್ತು ಲೋರ್ಡಿ ತಂಡದಂಥ ನಿಜವಾದ ವಿಜೇತರೇ ಅದರಲ್ಲಿ ಬಂದು ಕುಣಿಯುತ್ತಾರೆ. ಆ ರಾತ್ರಿಯ ಸ್ಪರ್ಧೆಯ ಹಾಡುಗಳಿಗಿಂತ ಇದೇ ಹೆಚ್ಚು ಜನರ ನೆನಪಿನಲ್ಲಿದೆ.

ಇನ್ನು ನೆಟ್‌ಫ್ಲಿಕ್ಸ್ ಸಿನಿಮಾ. ಯೂರೋವಿಷನ್ ನಮ್ಮ ಟಿವಿಗಳಲ್ಲಿ ಬಾರದಿದ್ದರೂ ಭಾರತದಲ್ಲಿ ಅನೇಕರು ಆ ಹೆಸರನ್ನು ಮೊದಲು ಕೇಳಿದ್ದು 2020ರ ಜೂನ್ 26ರಂದು ಬಂದ 'ದಿ ಸ್ಟೋರಿ ಆಫ್ ಫೈರ್ ಸಾಗಾ'ದಿಂದ ಇರಬೇಕು. ಆ ವರ್ಷ ಕೋವಿಡ್‌ನಿಂದಾಗಿ ರಾಟರ್‌ಡ್ಯಾಮಿನ ನಿಜವಾದ ಸ್ಪರ್ಧೆ ರದ್ದಾಗಿತ್ತು. 1956ರಿಂದ ಮೊದಲ ಸಲ ಹಾಡಿಲ್ಲದ ವರ್ಷ. ಅಭಿಮಾನಿಗಳಿಗೆ ದೊರೆತದ್ದು ಕಲ್ಪಿತ ಸ್ಪರ್ಧೆ ಮಾತ್ರ. ಐಸ್‌ಲ್ಯಾಂಡಿನ ಉತ್ತರದ ಹೂಸಾವಿಕ್ ಎಂಬ ಮೀನುಗಾರರ ಊರಿನ ಲಾರ್ಸ್ ಮತ್ತು ಸಿಗ್ರಿತ್, ಅಂದರೆ ವಿಲ್ ಫೆರೆಲ್ ಮತ್ತು ರೇಚಲ್ ಮ್ಯಾಕ್ ಆಡಮ್ಸ್, ಆಕಸ್ಮಿಕವಾಗಿ ಸ್ಪರ್ಧೆಗೆ ಆಯ್ಕೆಯಾಗುತ್ತಾರೆ. ಉಳಿದ ಎಲ್ಲ ಗಾಯಕರೂ ದೋಣಿಯೊಂದರ ಸ್ಫೋಟದಲ್ಲಿ ಸತ್ತಿರುತ್ತಾರೆ. ಹಿಂದಿರುವ ಸಂಚು ಕೇಂದ್ರ ಬ್ಯಾಂಕಿನ ಅಧಿಕಾರಿಯದು: ಗೆದ್ದರೆ ಸ್ಪರ್ಧೆ ನಡೆಸಿ ದೇಶ ದಿವಾಳಿಯಾಗುತ್ತದೆ ಎಂಬ ಭಯ. ಫಾದರ್ ಟೆಡ್ ಕತೆಯ ಬೀಜವೇ ಇಪ್ಪತ್ತನಾಲ್ಕು ವರ್ಷದ ನಂತರ ಮತ್ತೊಂದು ಪುಟ್ಟ ದ್ವೀಪ ದೇಶದಲ್ಲಿ ಮೊಳೆತಿದೆ. ಗೆಲುವೇ ಹೊರೆಯಾಗುವ ಸ್ಪರ್ಧೆಯಲ್ಲಿ ಸಣ್ಣ ದೇಶದವರಿಗೆ ಇದಕ್ಕಿಂತ ಹತ್ತಿರದ ಕತೆ ಬೇರೆ ಇಲ್ಲ.

ಸಿನಿಮಾ ಎಳೆದಂತಿದೆ, ಹಾಸ್ಯ ಹಲವು ಕಡೆ ಸಪ್ಪೆ. ಅದನ್ನು ಎತ್ತಿ ನಿಲ್ಲಿಸಿದ್ದು ಹಾಡುಗಳು. ಡಾನ್ ಸ್ಟೀವನ್ಸ್ ಆಡಿದ ರಷ್ಯಾದ ಲೆಮ್ಟೋವ್ ಪಾತ್ರ ಮೊದಲಿಗೆ ಕಾಮದ ಸಿಂಹದಂತೆ ಗರ್ಜಿಸುತ್ತದೆ. ಕೊನೆಗೆ ತನ್ನ ಪ್ರೀತಿಯನ್ನು ತನ್ನ ದೇಶದಲ್ಲಿ ಹೇಳಿಕೊಳ್ಳಲಾಗದ ಒಂಟಿ ಮನುಷ್ಯನಾಗಿ ಉಳಿಯುತ್ತದೆ. ಇಡೀ ಚಿತ್ರದಲ್ಲಿ ನನ್ನ ಮನಸ್ಸನ್ನು ಕಲಕಿದ್ದು ಅದು. ಅಂತಿಮ ಸುತ್ತಿನಲ್ಲಿ ಲಾರ್ಸ್ ತಮ್ಮ ಅಧಿಕೃತ ಹಾಡನ್ನು ನಡುವೆ ನಿಲ್ಲಿಸುತ್ತಾನೆ, ಸಿಗ್ರಿತ್ ತನ್ನೂರಿನ ಮೇಲೆ ಬರೆದ ಹಾಡನ್ನು ಅರ್ಧ ಐಸ್‌ಲ್ಯಾಂಡಿಕ್‌ನಲ್ಲಿ ಹಾಡುತ್ತಾಳೆ, ನಿಯಮ ಮುರಿದುದಕ್ಕೆ ಇಬ್ಬರೂ ಸ್ಪರ್ಧೆಯಿಂದ ಹೊರಬೀಳುತ್ತಾರೆ. ಆ ಹಾಡು 'ಹೂಸಾವಿಕ್'. ಅದನ್ನು ರಚಿಸಿದ ಮೂವರಲ್ಲಿ ಭಾರತೀಯ ಮೂಲದ ಅಮೆರಿಕನ್ ಸವನ್ ಕೊಟೇಚಾ ಒಬ್ಬರು. ಸಿಗ್ರಿತ್‌ಳ ಕಂಠದ ಹಿಂದಿರುವುದು ಸ್ವೀಡನ್ನಿನ ಮೊಲಿ ಸಾಂಡೆನ್. 2021ರಲ್ಲಿ ಅದು ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಆ ಸಮಾರಂಭಕ್ಕಾಗಿ ಸಾಂಡೆನ್ ಹೂಸಾವಿಕ್ ಬಂದರಿನಲ್ಲೇ ನಿಂತು ಊರಿನ ಮಕ್ಕಳ ಜೊತೆ ಹಾಡಿದರು. ಅದೇ ವರ್ಷದ ಯೂರೋವಿಷನ್ನಿನಲ್ಲಿ ಐಸ್‌ಲ್ಯಾಂಡಿನ ಅಂಕ ಘೋಷಿಸಲು ಬಂದವರು ನಟ ಹಾನ್ನೆಸ್ ಓಲಿ ಆಗುಸ್ಟ್ಸನ್. ಚಿತ್ರದಲ್ಲಿ 'ಜಾ ಜಾ ಡಿಂಗ್ ಡಾಂಗ್' ಹಾಡನ್ನೇ ಹಾಡಬೇಕೆಂದು ಹಟ ಹಿಡಿಯುವ ಪಾತ್ರದವರು. ಹನ್ನೆರಡು ಅಂಕವನ್ನೂ ಆ ಹಾಡಿಗೇ ಕೊಡುತ್ತೇನೆಂದು ಅಲ್ಲಿಯೂ ಹಟ ಹಿಡಿದರು.

2025ರ ಬಾಸೆಲ್ ಸ್ಪರ್ಧೆಯಲ್ಲಿ ಹಾಸ್ಯ ಮತ್ತೆ ಮೇಲೆದ್ದಿತು. ಎಸ್ಟೋನಿಯಾದ ಟಾಮಿ ಕ್ಯಾಶ್ ಕಾಫಿಯ ಮೇಲೆ ಮುರುಕು ಇಟಾಲಿಯನ್ನಿನಲ್ಲಿ ಹಾಡಿ ಮೂರನೆಯವನಾದ. ಕಾಜ್ ಎಂಬ ಮೂವರ ತಂಡ ನಾಲ್ಕನೆಯ ಸ್ಥಾನ ಪಡೆಯಿತು. ಇವರು ಫಿನ್ಲೆಂಡಿನ ವೋರೊ ಊರಿನವರು, ಮಾತೃಭಾಷೆ ಸ್ವೀಡಿಷ್, ಹಾಡಿದ್ದು ಸ್ವೀಡನ್ನಿನ ಪರವಾಗಿ, ವಿಷಯ ಸೌನಾ ಸ್ನಾನ. ಸ್ವೀಡನ್ನಿನ ಆಯ್ಕೆ ಸುತ್ತಿನಲ್ಲಿ ಅವರು ಸೋಲಿಸಿದ್ದು 2015ರ ವಿಜೇತ ಸೆಲ್ಮರ್ಲೋವ್ ಅವರನ್ನು. ಮೂವರೂ ತಮ್ಮೂರಿನ ಆಡುನುಡಿಯಲ್ಲಿ, ತಮ್ಮೂರಿನವರ ಹಾಗೆಯೇ, ಬೆವರು ಸುರಿಸುವ ಸುಖವನ್ನು ಕೊಂಡಾಡಿದರು. ನಿಯಮ ಸಡಿಲವಾದ 1999ರಿಂದ ಸ್ವೀಡನ್ ಪ್ರತಿ ವರ್ಷವೂ ಇಂಗ್ಲಿಷಿನಲ್ಲಿ ಹಾಡುತ್ತ ಬಂದಿತ್ತು. 1998ರ ನಂತರ ಸ್ವೀಡಿಷ್ ಭಾಷೆಯಲ್ಲಿ ಅದು ಕಳಿಸಿದ ಮೊದಲ ಹಾಡು ಈ ನಗೆಹಾಡು.